ದೀಪ ದೊಡ್ಡದು ಮಾಡ್ರಿ

ಶಿವಗಂಗವ್ವ ಹೇಳಿದ್ದು ಒಂದು, ಅವಧೂತ ಮಾಡಿದ್ದು ಇನ್ನೊಂದು. ಆದರೆ ಆಕೆ ಹೇಳಿದ ಮಾತನ್ನು ಅವನು ಅಕ್ಷರಶಃ ನಡೆಸಿದ್ದ. ತಮಾಷೆಯಿರುವುದೇ ಅಲ್ಲಿ.

ಚಿಂಚವಡ ಸ್ಟೇಶನ್ನಿನ ಹಿಂದಿನ ಬೀದಿಯಲ್ಲಿ ಅವಧೂತನ ‘ಶ್ರೀದತ್ತ ಆಟೋ ಇಲೆಕ್ಟ್ರಿಕಲ್ಸ್’. ಎರಡು ಸಾವಿರದ ಒಂಬತ್ತರ ಶ್ರಾವಣದಲ್ಲಿ ಅದರ ಮುಂದೆ ಒಂದು ಬಿಳಿಯ ಮೆಟಡಾರ್ ಬಂದು ನಿಂತಿತು. ಒಂದು ಕಾಲಕ್ಕೆ ಅದು ಆಂಬುಲೆನ್ಸು. ದೇಹೂ ರೋಡಿನ ಮಿಲಿಟರಿ ಆಫೀಸಿನಲ್ಲಿ ಹೆಡ್ ಕ್ಲರ್ಕ್ ಆಗಿ ರಿಟೈರಾದ ಹೊಳಬಸಪ್ಪ ಅದನ್ನು ಹರಾಜಿನಲ್ಲಿ ಹಿಡಿದು, ಒಳಗೆ ಎರಡು ಮಂಚ, ಗ್ಯಾಸಿನ ಒಲೆ, ಪುಟ್ಟದೊಂದು ಸಿಂಕು ಕೂಡಿಸಿ ಗಾಲಿಯ ಮೇಲಿನ ಮನೆ ಮಾಡಿಕೊಂಡಿದ್ದ. ನೌಕರಿಯಲ್ಲಿದ್ದಾಗ ಊರು ನೋಡಲು ರಜೆ ಸಿಗಲಿಲ್ಲ, ಇನ್ನು ಮನೆಯನ್ನೇ ಊರೂರಿಗೆ ಒಯ್ಯುತ್ತೇನೆ ಎಂಬುದು ಅವನ ಹಟ.

ಮೊದಲ ಪ್ರವಾಸ ಲೋಣಾವಳಾಕ್ಕೆ. ಒಳಗಿನ ಹಳೆಯ ಬಲ್ಬುಗಳನ್ನೆಲ್ಲ ಹಚ್ಚಿಕೊಂಡು ಪೇಪರ್ ಓದುತ್ತ ಹೊಳಬಸಪ್ಪ ನಿದ್ದೆಹೋದ. ಬೆಳಿಗ್ಗೆ ಬ್ಯಾಟರಿ ತಣ್ಣಗೆ ಸತ್ತುಬಿದ್ದಿತ್ತು. ಸುರಿಯುವ ಮಳೆಯಲ್ಲಿ ಚಿಕ್ಕಿ ಅಂಗಡಿಯವರು ಗಾಡಿ ದೂಡಿದರು. ಶಿವಗಂಗವ್ವ ಕೊಡೆ ಹಿಡಿದು ಹಿಂದೆ ಹಿಂದೆ ನಡೆದಳು. ದೀಪದ ವ್ಯವಸ್ಥೆ ನೆಟ್ಟಗಾಗುವ ತನಕ ಈ ಗಾಡಿ ಹತ್ತುವುದಿಲ್ಲವೆಂದು ಅಂದೇ ಆಣೆ ಹಾಕಿದಳು. ಆಣೆ ಎಂದರೆ ಆಣೆ. ಮಗಳು ಇಂದೂ ಮೆಟಡಾರ್ ಓಡಿಸಿಕೊಂಡು ಅಂಗಡಿಗೆ ಬಂದರೆ, ತಾಯಿ ಅದರ ಹಿಂದೆ ರಿಕ್ಷಾ ಮಾಡಿಕೊಂಡು ಬಂದಳು.

ಅಂಗಡಿಯಲ್ಲಿ ಅವಧೂತ ಫೋನಿನಲ್ಲಿ ತನ್ನಪ್ಪನಿಗೆ, “ಊಟ ಮಾಡಿ ಗುಳಿಗಿ ತಗೋ,” ಎನ್ನುತ್ತಿದ್ದ. ಶಿವಗಂಗವ್ವನ ಕಿವಿ ನೆಟ್ಟಗಾಯಿತು.

“ಕನ್ನಡದಾಂವ ಏನಪಾ ನೀ? ಯಾವೂರು?”

“ಹುಟ್ಟಿದ್ದು ಬೆಳದದ್ದು ಇಲ್ಲೇರಿ ಅವ್ವಾರ. ಅಪ್ಪ ಯಾದಗಿರಿ ಕಡೆಯಾಂವ. ಗಾಣಗಾಪುರದ ದತ್ತನಿಗೆ ಹರಕಿ ಹೊತ್ತ ಮ್ಯಾಲೆ ಹುಟ್ಟೀನಂತ, ಅದಕ್ಕ ಅವಧೂತ ಅಂತ ಹೆಸರಿಟ್ಟಾರ.”

ಅಷ್ಟು ಸಾಕು, ಶಿವಗಂಗವ್ವನಿಗೆ ಅವನು ಮನೆಯವನಾಗಿಬಿಟ್ಟ. ಗಾಡಿಯ ಒಳಗಿನ ಆರೂ ಬಲ್ಬು ತೆಗೆದು ಎಲ್‌ಇಡಿ ಹಾಕುವುದು, ಅವು ಬ್ಯಾಟರಿಯನ್ನು ತಿನ್ನುವುದು ತೀರ ಕಡಿಮೆ ಎಂದೆಲ್ಲ ಮಾತಾಯಿತು. ಅವನು ಪರೀಕ್ಷೆಗೆಂದು ಹಚ್ಚಿದ್ದ ಹಳೆಯ ಬಲ್ಬುಗಳು ಒಳಗೆ ಉರಿಯುತ್ತಲೇ ಇದ್ದವು. ಲೋಣಾವಳಾ ಮರೆಯದ ಶಿವಗಂಗವ್ವ ರಿಕ್ಷಾ ಹತ್ತುವಾಗ ತಿರುಗಿ ಹೇಳಿದಳು: “ತಮ್ಮಾ, ಒಳಗಿನ ದೀಪ ಎಲ್ಲಾ ದೊಡ್ಡವು ಮಾಡು.”

“ಮಾಡ್ತೀನ್ರಿ,” ಎಂದ ಅವಧೂತ.

ಮಾಡಿದ. ಇದ್ದುದರಲ್ಲಿ ಅತಿ ದೊಡ್ಡ, ಅತಿ ಪ್ರಖರವಾದ ಬಿಳಿ ಎಲ್‌ಇಡಿಗಳನ್ನು ಆರೂ ಕಡೆ ಜಡಿದ. ಮರುದಿನ ಸಂಜೆ ತಾಯಿಮಗಳು ಬಂದಾಗ ಹೆಮ್ಮೆಯಿಂದ ಗಾಡಿಯ ಬಾಗಿಲು ತೆಗೆದು ಸ್ವಿಚ್ ಒತ್ತಿದ.

ಶಿವಗಂಗವ್ವ ಕಣ್ಣಿಗೆ ಸೆರಗು ಅಡ್ಡ ಹಿಡಿದಳು. “ಯವ್ವಾ, ಆಂಬುಲೆನ್ಸ್ ಇದ್ದದ್ದನ್ನ ಆಪರೇಶನ್ ಥೇಟರ್ ಮಾಡ್ಯಾನಲ್ಲ.”

“ನೀವೇ ದೊಡ್ಡವು ಮಾಡು ಅಂದ್ರಲ್ರಿ,” ಎಂದ ಅವಧೂತ.

ಇಂದೂ ಒಂದು ಗಳಿಗೆ ಅವನನ್ನೇ ನೋಡಿದಳು. ಆಮೇಲೆ ನಕ್ಕಳು. ನಗು ತಡೆಯಲಾಗದೆ ಗಾಡಿಯ ಮೆಟ್ಟಿಲ ಮೇಲೆ ಕುಸಿದು ಕೂತಳು. ಆ ದುಷ್ಟ ಬಿಳಿ ಬೆಳಕೆಲ್ಲ ಅವಳ ಹಿಂದಿನಿಂದ ಬಂದು ಕಿವಿಯ ಮೇಲಿನ ಪುಡಿಗೂದಲನ್ನು ಬೆಳಗಿತು. ಈ ಹುಡುಗಿ ಇನ್ನೂ ಸ್ವಲ್ಪ ಹೊತ್ತು ನಗುತ್ತಿದ್ದರೆ ಚೆನ್ನ ಎಂದು ಅವಧೂತನಿಗೆ ಅನ್ನಿಸಿತು. ತನ್ನನ್ನೇ ನೋಡಿ ನಗುತ್ತಿದ್ದಾಳೆಂಬುದು ಅವನಿಗೆ ಆಮೇಲೆ ಹೊಳೆಯಿತು.

“ದೀಪ ಆರಸು ಅಂತ ಅನಬಾರದ್ರಿ,” ಎಂದಳು ಇಂದೂ, ಕಣ್ಣೊರೆಸಿಕೊಳ್ಳುತ್ತ. “ಆರಸು ಅಂದ್ರ ಅಪಶಕುನ. ಅದಕ್ಕ ದೊಡ್ಡದು ಮಾಡು ಅಂತಾರ. ಅವ್ವ ಅಂದದ್ದು, ಬಂದ್ ಮಾಡು ಅಂತ. ನಿಮ್ಮ ಮನ್ಯಾಗ ಏನಂತಾರ?”

ಅವಧೂತ ಕೈಯಲ್ಲಿದ್ದ ಸ್ಕ್ರೂಡ್ರೈವರ್ ನೋಡಿಕೊಂಡ. ಅವನು ತೊಟ್ಟಿಲಲ್ಲಿದ್ದಾಗಲೇ ತಾಯಿ ತೀರಿಕೊಂಡಿದ್ದಳು. ಸಾಕಿದವನು ಅಪ್ಪ ಹುಸೇನಪ್ಪ, ಗೋಡೆ ಕಟ್ಟುವ ಗವಂಡಿ. ಅವನಿಂದ ಮಗನಿಗೆ ಬಂದದ್ದು ಕಟ್ಟಡದ ಮೇಲಿನ ಕನ್ನಡ: ಏರು, ಇಳಿ, ಹಿಡಿ, ಬಿಡು, ಉಂಡೇನು, ಮಲಗು. ಉಳಿದ ಮಾತೆಲ್ಲ ಮರಾಠಿಯಲ್ಲೇ ಮುಗಿಯುತ್ತಿತ್ತು.

“ನಮ್ಮ ಮನ್ಯಾಗ ದೀಪದ ಮಾತಾಡೋರು ಯಾರೂ ಇರಲಿಲ್ಲರಿ,” ಎಂದ.

ಇಂದೂ ನಗು ನಿಲ್ಲಿಸಿದಳು. “ನಾ ನಕ್ಕಿದ್ದು ತಪ್ಪಾತು.”

“ತಪ್ಪೇನಿಲ್ಲ. ನಗ್ರಿ. ಛಲೋ ಇತ್ತು.”

ಈ ಮಾತಿಗೆ ಅವಳ ಕೆನ್ನೆ ಸ್ವಲ್ಪ ಬಣ್ಣ ತಿರುಗಿತು. ಶಿವಗಂಗವ್ವ ಸೆರಗಿನ ಮರೆಯಿಂದಲೇ ಅದನ್ನು ನೋಡಿದಳು. ಆಕೆಗೆ ದೂರದ್ದು ಕಾಣುವುದಿಲ್ಲವೆಂದು ಮನೆಯಲ್ಲಿ ಎಲ್ಲರೂ ತಿಳಿದಿದ್ದರು.

ಹಳದಿ ಬೆಳಕಿನ ಸಣ್ಣ ಎಲ್‌ಇಡಿ ಆಗ ಪುಣೆಯಲ್ಲಿ ಸುಲಭಕ್ಕೆ ಸಿಗುತ್ತಿರಲಿಲ್ಲ. ಅವಧೂತ ಬೆಳಗಿನ ರೈಲು ಹತ್ತಿ ಮುಂಬಯಿಗೆ ಹೋಗಿ ಹುಡುಕಿ ತಂದ. ಬರುವಾಗ ಲೋಣಾವಳಾದಲ್ಲಿ ಕಿಟಕಿಯಿಂದಲೇ ಚಿಕ್ಕಿಯ ಪೊಟ್ಟಣ ಕೊಂಡು, “ಆ ಊರ ಮ್ಯಾಲಿನ ಸಿಟ್ಟು ಇಳೀಲಿ,” ಎಂದು ಶಿವಗಂಗವ್ವನ ಕೈಗಿಟ್ಟ. ಆರು ಬಲ್ಬಿಗಾಗಿ ಮುಂಬಯಿಗೆ ಹೋಗಿಬಂದ ಮೆಕ್ಯಾನಿಕ್ ಚಿಂಚವಡದಲ್ಲಿ ಇನ್ನೊಬ್ಬನಿರಲಿಕ್ಕಿಲ್ಲ. ತಾನು ಹೋದದ್ದು ಬಲ್ಬಿಗಾಗಿ ಮಾತ್ರ ಎಂದು ಅವನು ಮನಸಾರೆ ನಂಬಿದ್ದ.

ಗಾಡಿಯ ಒಳಗೆ ಈಗ ಬೆಣ್ಣೆ ಕಾಸಿದಾಗಿನ ತುಪ್ಪದ ಬಣ್ಣದ ಬೆಳಕು. ಹೊಳಬಸಪ್ಪನಿಗೆ ಆನಂದವೋ ಆನಂದ. ದಸರೆಯ ದಶಮಿಯಂದು ಬನ್ನಿ ಮುಡಿದು ಸೀಮೋಲ್ಲಂಘನ ಎಂದು ಸಾರಿದ. ಓಡಿಸುವವಳು ಇಂದೂನೇ. ಅವಳು ನಿಗಡಿಯಲ್ಲಿ ಹೆಂಗಸರಿಗೆ ಕಾರು ಕಲಿಸುವ ಡ್ರೈವಿಂಗ್ ಸ್ಕೂಲಿನಲ್ಲಿ ಶಿಕ್ಷಕಿ, ಹಠಮಾರಿ ಗಾಡಿಗಳನ್ನೂ ಹೆದರುವ ಹೆಂಗಸರನ್ನೂ ದಾರಿಗೆ ತರುವುದೇ ಕಸುಬು.

ಕೆಲವೇ ದಿನಕ್ಕೆ ಅವಳು ಒಬ್ಬಳೇ ಗಾಡಿ ತಂದಳು. “ಅಡಿಗಿ ಕಡೆ ದೀಪ ಹತ್ತವಲ್ದು.”

ಅವಧೂತ ಪ್ಲಾಸ್ಟಿಕ್ ಮುಚ್ಚಳದ ಅಂಚಿಗೆ ಉಗುರು ಕೊಟ್ಟು ತೆಗೆದ. ಕಿರುಬೆರಳಿನಷ್ಟು ಉದ್ದದ, ಎರಡೂ ತುದಿಗೆ ಲೋಹದ ಟೊಪ್ಪಿಗೆಯಿರುವ ಬಲ್ಬು ತಿರುವುಮುರುವಾಗಿ ಕೂತಿತ್ತು.

“ಕಾಕಾರು ಒರಸಲಿಕ್ಕೆ ಬಿಚ್ಚಿದ್ರೇನು?”

“ಹೌದು, ನಿನ್ನೆ ಧೂಳಾಗ್ಯಾದಂತ ಒರಸಿದ್ರು.”

“ಹಳೇ ಬಲ್ಬು ಹೆಂಗ ಹಾಕಿದ್ರೂ ಹತ್ತತಾವ್ರಿ. ಎಲ್‌ಇಡಿ ಹಂಗಲ್ಲ. ಪ್ಲಸ್ ಪ್ಲಸ್ಸಿಗೇ ಕೂಡಬೇಕು. ಉಲ್ಟಾ ಆದ್ರ ಸುಮ್ಮ ಕೂಡ್ತದ. ಸುಡಂಗಿಲ್ಲ, ಕೆಡಂಗಿಲ್ಲ, ಹತ್ತಂಗೂ ಇಲ್ಲ.”

“ಅಷ್ಟs? ತಿರುವಿ ಹಾಕಿದ್ರ ಹತ್ತತದ?”

“ಅಷ್ಟs.”

ಇಂದೂ ಈ ಪಾಠವನ್ನು ಬಹಳ ಗಮನವಿಟ್ಟು ಕೇಳಿದಳು. ಕಳ್ಳನ ಕೈಗೆ ಕೀಲಿಕೈ ಕೊಟ್ಟಂತಾಯಿತೆಂದು ಅವಧೂತನಿಗೆ ತಿಳಿಯಬೇಕಿತ್ತು. ತಿಳಿಯಲಿಲ್ಲ.

ಇನ್ನೊಮ್ಮೆ ತಪ್ಪಬಾರದೆಂದು ಪ್ಲಸ್ ತುದಿಗೆ ಗುರುತು ಹಾಕೋಣವೆಂದ. ಬಣ್ಣ ಹುಡುಕುತ್ತಿದ್ದಾಗ ಇಂದೂ ಪರ್ಸಿನಿಂದ ಕೆಂಪು ನೇಲ್ ಪಾಲಿಶ್ ತೆಗೆದಳು. ಅವನು ಒಂದೊಂದೇ ಬಲ್ಬು ಹಿಡಿದ, ಅವಳು ಒಂದೊಂದೇ ಚುಕ್ಕೆ ಇಟ್ಟಳು. ಕುಂಚ ಜಾರದಿರಲೆಂದು ಅವನ ಬೆರಳಿಗೆ ತನ್ನ ಬೆರಳು ಆನಿಸಿದ್ದಳು. ಆರನೆಯ ಬಲ್ಬಿನ ಹೊತ್ತಿಗೆ ಅವನು ಬಲ್ಬು ನೋಡುವುದನ್ನೇ ಬಿಟ್ಟಿದ್ದ, ಚುಕ್ಕೆ ಅವನ ಹೆಬ್ಬೆರಳಿಗೆ ಬಿತ್ತು.

“ನೀವೂ ಪ್ಲಸ್ ಆದ್ರಿ,” ಎಂದಳು ಇಂದೂ, ಮುಖ ಎತ್ತದೆ.

ಆ ಚುಕ್ಕೆಯನ್ನು ಅವನು ಒರೆಸಿಕೊಳ್ಳಲಿಲ್ಲ. ಅಂಗಡಿಯಲ್ಲಿ ಪೆಟ್ರೋಲಿತ್ತು, ಥಿನ್ನರ್ ಇತ್ತು, ಮನಸ್ಸೊಂದಿರಲಿಲ್ಲ.

ದಸರೆ ಹತ್ತಿರ ಬಂದಾಗ ಗಾಡಿ ಮತ್ತೆ ಬಂತು. ಈ ಸಲ ಹೊಳಬಸಪ್ಪನೂ ಜೊತೆಗಿದ್ದ. ಮತ್ತೆ ಅಡುಗೆಯ ದೀಪ, ಮತ್ತೆ ಬಲ್ಬು ಉಲ್ಟಾ.

“ನಾ ಮುಟ್ಟೇ ಇಲ್ಲಪಾ,” ಎಂದ ಹೊಳಬಸಪ್ಪ.

“ಇರಲಿ ಬಿಡ್ರಿ ಕಾಕಾರ, ವಯಸ್ಸಾದ ಮ್ಯಾಲೆ ಆಗ್ತದ.”

“ವಯಸ್ಸಲ್ಲೋ, ನಾ ಮುಟ್ಟೇ ಇಲ್ಲ,” ಎಂದು ಮುದುಕ ಗೊಣಗಿದ. ಆಮೇಲೆ ಚಹ ಬಂತು, ಸಿಟ್ಟಿಳಿಯಿತು, ಪ್ರವಾಸದ ಮಾತು ಬಂತು. “ಮೊದಲ ವಿಜಾಪುರಕ್ಕ ಹೋಗೂದು. ಅಲ್ಲೊಂದು ಗಂಡು ನೋಡೀವಿ, ಸರಕಾರಿ ನೌಕರಿ. ಹುಡುಗಿನೂ ಗಾಡಿ ಒಳಗs ಇರ್ತಾಳ, ನೋಡೂದು, ಮಾತು ಮುಗಸೂದು, ಮುಂದ ಹೋಗೂದು.”

ಅವಧೂತನ ಕೈ ಮುಚ್ಚಳದ ಒಳಗೇ ನಿಂತಿತು. ಇಂದೂ ಬಾಗಿಲಿಗೆ ಆತು ನಿಂತು ಅವನನ್ನೇ ನೋಡುತ್ತಿದ್ದಳು.

ಒಂದು ವಯರನ್ನು ಸ್ವಲ್ಪ ಸಡಿಲ ಬಿಟ್ಟರೆ ಸಾಕಿತ್ತು. ದಶಮಿಯಂದು ದೀಪ ಹತ್ತುವುದಿಲ್ಲ, ಶಿವಗಂಗವ್ವ ಗಾಡಿ ಹತ್ತುವುದಿಲ್ಲ, ವಿಜಾಪುರ ಇದ್ದಲ್ಲೇ ಇರುತ್ತದೆ. ಅವನ ಬೆರಳು ಆ ವಯರಿನ ಮೇಲೆ ಇತ್ತು. ಆದರೆ ಎಲ್ಲೋ ಸೊಲ್ಲಾಪುರದ ಆಚೆ, ಊರಿಲ್ಲದ ಕಡೆ ಅವಳು ಕತ್ತಲಲ್ಲಿ ತಡಕಾಡುವ ಚಿತ್ರ ಕಣ್ಣೆದುರು ಬಂತು. ವಯರನ್ನು ಇನ್ನೂ ಬಿಗಿ ಮಾಡಿದ. ಬಲ್ಬು ತಿರುವಿದ. ಬೆಳಕಾಯಿತು.

“ಇಷ್ಟು ಲಗೂನ ಆತೇನು?” ಎಂದಳು ಇಂದೂ.

“ಇದರಾಗ ಏನದರಿ.”

“ಖರೆ. ಏನೂ ಇಲ್ಲ,” ಎಂದು ಅವಳು ಹೋಗಿ ಸ್ಟಿಯರಿಂಗ್ ಮುಂದೆ ಕೂತಳು. ಹೊರಡುವಾಗ ಗೇರು ಕರ್ರೆಂದು ಕೂಗಿತು. ಗಾಡಿ ಕಲಿಸುವವಳ ಕೈಯಲ್ಲಿ ಗೇರು ಹಾಗೆ ಕೂಗಬಾರದು. ಅವಧೂತನಿಗೆ ಅದು ಕೇಳಿಸಿತು, ಅರ್ಥವಾಗಲಿಲ್ಲ. ಗೇರ್‌ಬಾಕ್ಸಿಗೆ ಎಣ್ಣೆ ಕಡಿಮೆಯಾಗಿರಬೇಕು ಅಂದುಕೊಂಡ.

ಖಂಡೇನವಮಿ ಬಂತು. ಅಂಗಡಿಯ ಹತಾರಗಳನ್ನೆಲ್ಲ ತೊಳೆದು ಮಣೆಯ ಮೇಲಿಟ್ಟು, ಕುಂಕುಮ ಹಚ್ಚಿ, ಚೆಂಡುಹೂ ಏರಿಸಿ ಅವಧೂತ ಪೂಜೆ ಮುಗಿಸಿದ. ಅಂದು ಹತಾರ ಮುಟ್ಟುವಂತಿಲ್ಲ, ಬೀದಿಯ ಅಂಗಡಿಗಳೆಲ್ಲ ಹೂಮಾಲೆ ಹೊತ್ತು ಸುಮ್ಮನೆ ಕೂತಿದ್ದವು. ಅವನೂ ಸುಮ್ಮನೆ ಕೂತು ಹೆಬ್ಬೆರಳು ನೋಡಿಕೊಳ್ಳುತ್ತಿದ್ದ. ಚುಕ್ಕೆ ಸವೆದು ಎಳ್ಳಿನಷ್ಟಾಗಿತ್ತು.

ಬಿಳಿಯ ಮೆಟಡಾರ್ ಬಂದು ನಿಂತಿತು. ಇಂದೂ ಒಬ್ಬಳೇ ಇಳಿದಳು. “ದೀಪ ಹತ್ತವಲ್ಲು.”

“ಇವತ್ತ ಹತಾರ ಮುಟ್ಟಂಗಿಲ್ಲರಿ. ಪೂಜಾದಾಗ ಅವ.”

“ಹತಾರ ಯಾಕ ಬೇಕು, ಉಗುರು ಸಾಕು,” ಎಂದವಳು ತಕ್ಷಣ ತುಟಿ ಕಚ್ಚಿಕೊಂಡಳು.

ಅವಧೂತ ಗಾಡಿಯೊಳಗೆ ಹತ್ತಿದ. ಸ್ವಿಚ್ ಒತ್ತಿದ. ಅಡುಗೆಯ ದೀಪ ಹತ್ತಲಿಲ್ಲ. ಮಂಚದ ದೀಪ ಹತ್ತಲಿಲ್ಲ. ಒಂದೂ ಹತ್ತಲಿಲ್ಲ. ಮುಚ್ಚಳಗಳನ್ನು ಒಂದೊಂದಾಗಿ ತೆಗೆದ. ಆರೂ ಬಲ್ಬು ಉಲ್ಟಾ. ಆರೂ ಕೆಂಪು ಚುಕ್ಕೆ ಮೈನಸ್ಸಿನ ಕಡೆ, ನೆಟ್ಟಗೆ, ಒಪ್ಪವಾಗಿ.

ಒಂದು ಬಲ್ಬು ತಪ್ಪಬಹುದು. ಆರಕ್ಕಾರೂ ತಪ್ಪಿದರೆ ಅದು ತಪ್ಪಲ್ಲ. ಅವನು ತಿರುಗಿ ಅವಳ ಕೈ ನೋಡಿದ. ಮುಚ್ಚಳ ಎಬ್ಬಿಸಿ ಎಬ್ಬಿಸಿ ಉಗುರಿನ ಕೆಂಪು ಅಲ್ಲಲ್ಲಿ ಕಿತ್ತಿತ್ತು.

“ಯಾರು ತಿರುವಿದ್ರು?”

“ನಾನು.”

“ಹೋದ ಸಲ?”

“ನಾನs. ಮೊದಲನೇ ಸಲ ಮಾತ್ರ ಅಪ್ಪ.”

“ಯಾಕ?”

ಇಂದೂ ಮಂಚದ ಅಂಚಿಗೆ ಕೂತಳು. “ಅವಧೂತ ಅವರ, ಎಂಥೆಂಥಾ ಗಾಡಿ ನೋಡೀನಿ, ನಿಮ್ಮಂಥಾದು ನೋಡಿಲ್ಲ. ಇಂಜಿನ್ ಚಾಲೂ ಅದ, ಟಾಕಿ ತುಂಬ್ಯಾದ, ನಿಂತದ್ದು ಮಾತ್ರ ನ್ಯೂಟ್ರಲ್ ಒಳಗ. ಎಲ್‌ಇಡಿ ಮಾರೋ ಅಂಗಡ್ಯಾಗ ಇಷ್ಟು ದೊಡ್ಡ ಟ್ಯೂಬ್‌ಲೈಟ್ ಇರ್ತದಂತ ನನಗ ಗೊತ್ತಿರಲಿಲ್ಲ.” ದನಿ ಇಳಿಯಿತು. “ವಿಜಾಪುರದ ಮಾತು ಕೇಳಿದ ಮ್ಯಾಲೂ ಕಣ್ಣು ಪಿಳುಕಿಸೋದ್ರಾಗ ಹಚ್ಚಿ ಕೊಟ್ರಲ್ಲ. ನಾ ಹೋದರ ಇವರಿಗೇನೂ ಇಲ್ಲ ಅನಕೊಂಡೆ. ಆದರೂ ಇನ್ನೊಂದು ಸಲ ನೋಡೂಣಂತ ಬಂದೀನಿ.”

ಅವಧೂತ ಕೈಯಲ್ಲಿದ್ದ ಮುಚ್ಚಳವನ್ನು ಮಂಚದ ಮೇಲಿಟ್ಟ.

“ಅವತ್ತ ಒಂದು ವಯರ್ ಸಡಿಲ ಬಿಡಬೇಕಂತ ಮಾಡಿದ್ದೆ. ಬಿಟ್ಟಿದ್ರ ನೀವು ದಾರ್ಯಾಗ ಕತ್ತಲದಾಗ ಕೂಡ್ತಿದ್ರಿ. ಕೈ ಬರಲಿಲ್ಲ.”

ಅವಳು ತಲೆಯೆತ್ತಿದಳು. ಎಷ್ಟೋ ದಿನದ ಸಿಟ್ಟು ಆ ಒಂದು ಮಾತಿಗೆ ಕರಗುವುದು ಅವಳ ಮುಖದಲ್ಲಿ ಕಾಣುತ್ತಿತ್ತು.

“ನಮ್ಮಪ್ಪ ಗವಂಡಿ,” ಎಂದ ಅವನು. “ನಿಮ್ಮಪ್ಪ ಹೆಡ್ ಕ್ಲರ್ಕ್.”

“ಹೆಡ್ ಕ್ಲರ್ಕ್ ಮನಿ ಕಟ್ಟಿದಾಂವನೂ ಗವಂಡಿನೇ.”

“ನಮ್ಮ ಮನ್ಯಾಗ ಎರಡು ಖೋಲಿ, ಇಬ್ಬರು ಗಂಡಸರು. ಸಂಜಿ ದೀಪಕ್ಕ ಏನಂತಾರಂತನೂ ಗೊತ್ತಿಲ್ಲ.”

“ಅದನ್ನ ನಾ ಕಲಿಸ್ತೀನಿ. ಕಲಿಸೋದು ನನ್ನ ಕಸುಬು.”

ಅವಧೂತ ಉಸಿರೆಳೆದುಕೊಂಡ. “ಇಂದೂ, ವಿಜಾಪುರದಾಗ ಇಳೀಬ್ಯಾಡ.”

‘ರೀ’ಯೂ ಇಲ್ಲ, ‘ಅವರ’ ಎಂಬುದೂ ಇಲ್ಲ. ಇಂದೂ ಆ ಬರಿಯ ಹೆಸರನ್ನು ಕಣ್ಣು ಮುಚ್ಚಿ ಕೇಳಿಸಿಕೊಂಡಳು. “ಬಿತ್ತಪಾ ಫಸ್ಟ್ ಗೇರ್,” ಎಂದಳು. “ನಾಳೆ ಸಂಜಿಮುಂದ ಬನ್ನಿ ಕೊಡಾಕ ಮನಿಗೆ ಬರ್ರಿ. ನಿಮ್ಮಪ್ಪಾರನ್ನೂ ಕರಕೊಂಡು.”

ಹತಾರ ಮುಟ್ಟದೆ, ಬರಿಯ ಉಗುರಿನಲ್ಲೇ ಇಬ್ಬರೂ ಸೇರಿ ಆರು ಬಲ್ಬು ತಿರುವಿದರು. ಒಂದು ನಿಮಿಷದ ಕೆಲಸಕ್ಕೆ ಅಂದು ಬಹಳ ಹೊತ್ತು ಹಿಡಿಯಿತು.

ದಶಮಿಯ ಸಂಜೆ ದೇಹೂ ರೋಡಿನ ಮನೆಯ ಮುಂದೆ ಮೆಟಡಾರ್ ಹೂ ಮುಡಿದು ನಿಂತಿತ್ತು. ಒಗೆದ ಧೋತರ ಉಟ್ಟ ಹುಸೇನಪ್ಪ ಬನ್ನಿ ಹಿಡಿದು ಬಂದ. “ಬನ್ನಿ ತಗೊಂಡು ಬಂಗಾರದಂಗ ಇರೂಣ್ರಿ ಸಾವಕಾರ,” ಎಂದ. ಅವಧೂತ ಹೊಳಬಸಪ್ಪನಿಗೆ ಬನ್ನಿ ಕೊಟ್ಟು ಕಾಲಿಗೆರಗಿ, ಏಳುವ ಮೊದಲೇ ಮಾತು ಮುಗಿಸಿಬಿಟ್ಟ. ಎದ್ದು ನಿಂತರೆ ಧೈರ್ಯ ಸಾಲದೆಂಬ ಹೆದರಿಕೆ.

“ಕಾಕಾರ, ಇಂದೂನ್ನ ನನಗ ಕೊಡ್ರಿ.”

ಹೊಳಬಸಪ್ಪ ಬನ್ನಿಯನ್ನು ಹಿಂದೆ ಮುಂದೆ ತಿರುವಿ ನೋಡಿದ. “ವಿಜಾಪುರದವರಿಗೆ ಬರ್ತೀವಂತ ಹೇಳೀನಲ್ಲಪಾ,” ಎಂದು ಹೆಂಡತಿಯ ಕಡೆ ತಿರುಗಿದ.

ಶಿವಗಂಗವ್ವ ಸೀರೆ ಎತ್ತಿ ಹಿಡಿದು, ಲೋಣಾವಳಾದ ನಂತರ ಮೊದಲ ಬಾರಿಗೆ ಗಾಡಿ ಹತ್ತಿದಳು. ತುಪ್ಪದ ಬಣ್ಣದ ಬೆಳಕಿನಲ್ಲಿ ಮಂಚ ಒತ್ತಿ ನೋಡಿದಳು, ಒಲೆ ನೋಡಿದಳು. ಆಮೇಲೆ ಅಲ್ಲಿಂದಲೇ ಕೂಗಿದಳು. “ತಮ್ಮಾ, ಇನ್ನೂ ಹೊರಟೇ ಇಲ್ಲ, ಯಾಕ ಇಷ್ಟು ದೀಪ? ದೊಡ್ಡವು ಮಾಡು.”

ಇಂದೂ ಉಸಿರು ಬಿಗಿಹಿಡಿದು ನಿಂತಳು. ಅವಧೂತ ಒಳಗೆ ಹೋಗಿ ಒಂದೊಂದೇ ದೀಪ ಆರಿಸಿದ. ಅಡುಗೆಯ ಕಡೆ, ಹಿಂದಿನ ದಿನ ತಾನೇ ಅಂಟಿಸಿಕೊಟ್ಟಿದ್ದ ದತ್ತನ ಫೋಟೋದ ಮೇಲಿನದನ್ನು ಮಾತ್ರ ಬಿಟ್ಟ.

“ಅದ್ಯಾಕ ಬಿಟ್ಟಿ?”

“ದೇವರ ಮುಂದಿನದು ಇರಲಿ ಅವ್ವಾರ.”

ಶಿವಗಂಗವ್ವ ಗಾಡಿಯ ಬಾಗಿಲಲ್ಲಿ ನಿಂತು ಗಂಡನಿಗೆ ಹೇಳಿದಳು. “ಹುಡುಗ ಮನಿ ಮಾತು ಕಲ್ತಾನ. ವಿಜಾಪುರಕ್ಕ ಫೋನ್ ಮಾಡಿ ಬರಂಗಿಲ್ಲಂತ ಹೇಳ್ರಿ. ಗಾಡಿ ಗಾಣಗಾಪುರಕ್ಕ ಹೋಗಲಿ. ಹೆಸರು ಕೊಟ್ಟ ದೇವರಿಗೆ ಒಂದು ಕಾಯಿ ಒಡಿಸಿಕೊಂಡು ಬರೂಣು. ನಿನ್ನೆ ಹಾಡಹಗಲs ನಿಮ್ಮ ಮಗಳು ಆರೂ ಬಲ್ಬು ತಿರುವಿ ಹಾಕೂದು ನಾ ಕಂಡೀನಿ. ಇನ್ನs ನಾಲ್ಕು ದಿನ ಬಿಟ್ರ ಇಂಜಿನ್ ಬಿಚ್ಚತಾಳ.”

ಹೊಳಬಸಪ್ಪನ ಮುಖ ಅರಳಿತು. “ಅಂದ್ರ ನಾ ಮುಟ್ಟಿಲ್ಲ ಅಂದದ್ದು ಖರೆ ಆತಲ್ಲ,” ಎಂದ. ಮಗಳ ಮದುವೆಗಿಂತ ಮೊದಲು ಅವನಿಗೆ ಅದು ಇತ್ಯರ್ಥವಾಗಬೇಕಿತ್ತು. ಆಮೇಲೆ ಹುಸೇನಪ್ಪನ ಕೈಗೆ ಬನ್ನಿ ಇಟ್ಟು ಅಪ್ಪಿಕೊಂಡು, “ಬಂಗಾರದಂಗ ಇರೂಣ್ರಿ ಬೀಗರ,” ಎಂದ. ಬೀಗರ ಎಂಬ ಮಾತಿಗೆ ಇಂದೂ ಓಡಿಹೋಗಿ ಸ್ಟಿಯರಿಂಗ್ ಮುಂದೆ ಕೂತಳು.

ಗಾಡಿ ಗಾಣಗಾಪುರದ ದಾರಿ ಹಿಡಿಯಿತು. ಆ ರಾತ್ರಿ ಅಪ್ಪಮಗ ತಮ್ಮ ಎರಡು ಖೋಲಿಯ ಮನೆಗೆ ಬಂದು ಉಂಡರು. ಹಬ್ಬವೆಂದು ಅವಧೂತ ಗೂಡಿನಲ್ಲಿ ಎಣ್ಣೆಯ ಹಣತೆ ಹಚ್ಚಿದ್ದ. ಊಟವಾದ ಮೇಲೆ ಅಂಜುತ್ತಂಜುತ್ತ ಕೇಳಿದ. “ಅಪ್ಪಾ, ದೀಪ ದೊಡ್ಡದು ಮಾಡ್ಲೇನು?”

ಹುಸೇನಪ್ಪ ಥಟ್ಟನೆ ತಲೆಯೆತ್ತಿದ. ಹಣತೆಯ ಕಡೆ ತಿರುಗಿ ಕೂತ.

“ನಿಮ್ಮವ್ವ ಹಿಂಗs ಅಂತಿದ್ಲು,” ಎಂದ. “ಇವತ್ತ ಇರಲಿ ಬಿಡು. ಉರೀಲಿ.”

ಅವಧೂತ ಹಣತೆಗೆ ಇನ್ನಷ್ಟು ಎಣ್ಣೆ ಹೊಯ್ದ. ಅಷ್ಟರಲ್ಲಿ ಫೋನು ಗಣಗಣಿಸಿತು.

“ಸೊಲ್ಲಾಪುರದ ರಸ್ತಾದಾಗ ಇದ್ದೀವಿ. ಊಟಕ್ಕ ನಿಂತೀವಿ,” ಎಂದಳು ಇಂದೂ. “ಅಡಿಗಿ ಕಡೆ ದೀಪ ಹತ್ತವಲ್ದು.”

ಅವನು ಕಣ್ಣೊರೆಸಿಕೊಂಡು ನಕ್ಕ. “ಕೆಂಪು ಚುಕ್ಕಿ ಯಾವ ಕಡೆ ಅದ, ನೋಡು.”

ಅತ್ತ ಕಡೆ ಮುಚ್ಚಳ ತೆಗೆದ ಸದ್ದು ಕೇಳಿಸಿತು.

“ಪುಣೆ ಕಡೆ,” ಎಂದಳು.